ಒಂದೂವರೆ ಬೈಕಿನ ಗ್ರಾಫ್

ನಾಲ್ಕನೇ ತರಗತಿಗೆ ಬಾರ್ ಗ್ರಾಫ್ ಕಲಿಸುವುದೇನು ಮಹಾ ಕೆಲಸ ಎಂದು ನಾನು ತಿಳಿದಿದ್ದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿ ದಣಿದವನಿಗೂ ಇಂಥ ಧೈರ್ಯ ಒಮ್ಮೊಮ್ಮೆ ಬರುತ್ತದೆ.

ಪುಸ್ತಕದಲ್ಲಿ ಯಾವುದೋ ಊರಿನ ವಾಹನಗಳ ಲೆಕ್ಕ ಕೊಟ್ಟಿದ್ದರು. ನಮ್ಮ ಶಾಲೆಯ ಎದುರೇ ಸೀತಾಂಗೋಳಿಯಿಂದ ಕುಂಬಳೆಗೆ ಹೋಗುವ ರಸ್ತೆ ಇರುವಾಗ ಪರವೂರಿನ ವಾಹನ ಏಕೆ? ಮರುದಿನ ಉಪಜಿಲ್ಲಾ ಶಿಕ್ಷಣಾಧಿಕಾರಿಗಳು ತರಗತಿ ನೋಡಲು ಬರುವವರಿದ್ದರು. ಗೋಡೆಯಲ್ಲಿ ಮಕ್ಕಳೇ ಮಾಡಿದ ಗ್ರಾಫ್ ಇದ್ದರೆ ನನ್ನ ಮರ್ಯಾದೆ ಒಂದು ಗೇಣು ಏರುತ್ತದೆ!

ಬೆಳಿಗ್ಗೆ ಹೆಂಡತಿಗೆ ಹೇಳಿದೆ. "ಸುಮ್ಮನೆ ಬೋರ್ಡಿನಲ್ಲಿ ನಾಲ್ಕು ಗೆರೆ ಎಳೆದು ಮುಗಿಸಬಾರದಾ ಮಾರಾಯ್ರೇ?" ಎಂದಳು.

"ಇದು ಅನುಭವದಿಂದ ಕಲಿಯುವ ಕಾಲ," ಎಂದು ಗಂಭೀರವಾಗಿ ಹೊರಟೆ.

ಹತ್ತೊಂಬತ್ತು ಮಕ್ಕಳನ್ನು ಗೇಟಿನ ಬಳಿ ಸಾಲಾಗಿ ನಿಲ್ಲಿಸಿದೆ. ಬಸ್ಸಿಗೆ ಒಂದು ಗುಂಪು, ಆಟೋಗೆ ಒಂದು, ಲಾರಿಗೆ ಒಂದು, ಬೈಕಿಗೆ ಒಂದು. ಒಂದು ವಾಹನಕ್ಕೆ ಒಂದು ಗೆರೆ. ಇದಕ್ಕಿಂತ ಸುಲಭ ಏನಿದೆ?

ಮೊದಲ ಬಸ್ಸು ಬಂತು. ಬಸ್ಸಿನ ಗುಂಪಿನ ಐವರೂ ಕೈ ಎತ್ತಿ "ಬಸ್ಸು! ಬಸ್ಸು!" ಎಂದು ಕೂಗಿದರು. ಬಸ್ಸು ನಿಂತಿತು.

"ಬೇಗ ಹತ್ತಿ, ಬೇಗ!" ಎಂದ ಕಂಡಕ್ಟರ್.

"ನಮಗೆ ಹತ್ತಲಿಕ್ಕಿಲ್ಲ," ಎಂದಿತು ಒಂದು ಮಗು.

"ಮತ್ತೆಂತಕ್ಕೆ ಕೈ ತೋರಿಸಿದ್ದು?"

"ಲೆಕ್ಕ ಮಾಡ್ಲಿಕ್ಕೆ."

ಅಷ್ಟರಲ್ಲಿ ಹಿಂದಿನ ಬಸ್ಸು ಇದನ್ನು ದಾಟಿ ಮುಂದೆ ಹೋಯಿತು. ಕಂಡಕ್ಟರ್ ನನ್ನನ್ನು ನೋಡಿದ ನೋಟವನ್ನು ಯಾವ ಗ್ರಾಫಿನಲ್ಲೂ ತೋರಿಸಲು ಸಾಧ್ಯವಿಲ್ಲ.

ಇನ್ನು ಯಾರೂ ಕೈ ಎತ್ತಬಾರದು ಎಂದು ಆಜ್ಞೆ ಮಾಡಿ, ನಾನೇ ರಟ್ಟಿನ ಪ್ಯಾಡು ಹಿಡಿದು ರಸ್ತೆಯ ಬದಿ ನಿಂತೆ. ನನ್ನದು ಖಾಕಿ ಪ್ಯಾಂಟು. ಆಟದ ಪೀರಿಯಡ್ಡೂ ನನ್ನದೇ ಆದ್ದರಿಂದ ಕೊರಳಲ್ಲಿ ವಿಸಿಲ್. ಇದರ ಪರಿಣಾಮ ನನಗೆ ಹೊಳೆಯಲಿಲ್ಲ. ಬೈಕಿನವರಿಗೆ ಹೊಳೆಯಿತು!

"ಸರ್, ಬೈಕು ಬರ್ತಾ ಉಂಟು," ಎಂದಳು ಬೈಕ್ ಗುಂಪಿನ ಆಯಿಷಾ. ಸವಾರನ ತಲೆಯಲ್ಲಿ ಹೆಲ್ಮೆಟ್ ಇರಲಿಲ್ಲ. ನನ್ನನ್ನು ಕಂಡವನೇ ಅರ್ಧದಾರಿಯಲ್ಲೇ ಬೈಕ್ ತಿರುಗಿಸಿ ಪರಾರಿಯಾದ.

"ಸರ್, ಪೂರ್ತಿ ಬರ್ಲಿಲ್ಲ. ಅರ್ಧ ಗೆರೆ ಹಾಕ್ಲಾ?"

ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಹಾಕಿಬಿಟ್ಟಳು.

ಆಮೇಲೆ ಹೆಲ್ಮೆಟ್ ಹಾಕಿದ ಒಬ್ಬ ಪುಣ್ಯಾತ್ಮ ಬಂದ. ಅಷ್ಟೇ. ಬೈಕುಗಳ ವಂಶವೇ ನಿಂತುಹೋಯಿತು. ಆದರೆ ಆಟೋದವನೊಬ್ಬ ತಾನಾಗಿಯೇ ನಿಲ್ಲಿಸಿ, "ನನ್ನ ಕಾಗದ ಎಲ್ಲ ಸರಿ ಉಂಟು ಸರ್," ಎಂದು ನನ್ನ ಪ್ಯಾಡಿನ ಮೇಲೆ ಇಟ್ಟ. ಅವನ ಹಿಂದೆ ಇನ್ನೂ ಮೂವರು ಕಾಗದ ಹಿಡಿದು ಸಾಲು ನಿಂತರು. ನಾನು ಮೇಷ್ಟ್ರು ಎಂದರೆ ಯಾರೂ ನಂಬಲಿಲ್ಲ.

ಮುಖ್ಯೋಪಾಧ್ಯಾಯಿನಿ ಓಡಿ ಬಂದರು. "ಮಾಸ್ಟ್ರೇ, ಪೇಟೆಯಿಂದ ಫೋನು! ನಮ್ಮ ಗೇಟಿನ ಹತ್ರ ಚೆಕಿಂಗ್ ಉಂಟಂತೆ. ನೀವೆಲ್ಲಾದರೂ ಕಂಡಿರಾ?"

"ಅದು ನಾನೇ ಟೀಚರೇ," ಎಂದೆ.

ಮಕ್ಕಳು ಉತ್ಸಾಹದಿಂದ ಗ್ರಾಫ್ ಬರೆದರು. ಆಟೋದ ಕಂಬ ಆಕಾಶಕ್ಕೆ. ಬೈಕಿನದು ಒಂದೂವರೆ ಚೌಕ. ಹರಿದು ಬಿಸಾಡುವ ಎಂದುಕೊಂಡೆ. ಆದರೆ ಅವರು ಅದಕ್ಕೆ ಬಣ್ಣ ಹಚ್ಚಿ, ಕೆಳಗೆ ಹತ್ತೊಂಬತ್ತು ಹೆಸರನ್ನೂ ಬರೆದಿದ್ದರು. ಗೋಡೆಗೆ ಅಂಟಿಸಿದೆ.

ಮರುದಿನ ಅಧಿಕಾರಿಗಳು ಗ್ರಾಫಿನ ಎದುರು ಬಹಳ ಹೊತ್ತು ನಿಂತರು. "ಮಕ್ಕಳೇ, ಇದರಿಂದ ನಮಗೆ ಎಂತ ಗೊತ್ತಾಗ್ತದೆ?"

ಆಯಿಷಾ ಎದ್ದು ನಿಂತಳು. "ನಮ್ಮ ಸರ್ ರಸ್ತೆಯಲ್ಲಿ ನಿಂತ್ರೆ ಬೈಕು ಬರುವುದಿಲ್ಲ ಸರ್!"

"ಭೇಷ್!" ಎಂದರು ಅವರು. ಆ ವರ್ಷ ನನ್ನ ತರಗತಿಯಲ್ಲಿ ಗಣಿತದಿಂದ ಹೊರಟ ಮೊದಲ ಸರಿಯಾದ ತೀರ್ಮಾನ ಅದು. ಅದರಲ್ಲಿ ನನ್ನ ಪಾಠದ ಪಾತ್ರ ಏನೂ ಇರಲಿಲ್ಲ. ನಾನು ಕುರ್ಚಿ ಎಳೆದು ಕುಳಿತುಕೊಂಡೆ.