ಡಬರಿಯ ಮೇಲೆ ಜಪಾನು

ಕನ್ನಡದ ಕಾಗುಣಿತ, ಒತ್ತಕ್ಷರ ದಾಟಿ ಬಂದವನಿಗೆ ಲೋಕದ ಯಾವ ಲಿಪಿಯೂ ಕಷ್ಟವಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮುದ್ದೇಬಿಹಾಳದಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಬೇಸಿಗೆ ರಜೆಯಲ್ಲಿ ಮೊಬೈಲ್ ಹಿಡಿದು ಜಪಾನಿ ಅಕ್ಷರಾಭ್ಯಾಸಕ್ಕೆ ಕುಳಿತೆ.

ಕುಳಿತ ಮೇಲೆ ತಿಳಿಯಿತು, ಆ ಪುಣ್ಯಾತ್ಮರಿಗೆ ಒಂದು ಲಿಪಿ ಸಾಲದು, ಮೂರು ಬೇಕು! ಮನೆಮಾತಿಗೆ ದುಂಡನೆಯ ಹಿರಾಗಾನಾ. ಹೊರಗಿನಿಂದ ಬಂದ ಮಾತಿಗೆ, ಪರದೇಶದವರ ಹೆಸರಿಗೆ ಬರೀ ಗೀಟುಗಳಂತಿರುವ ಕಟಕಾನಾ. ಬೀಗರಿಗೆ ಬೇರೆ ತಾಟು ಇಟ್ಟ ಹಾಗೆ. ಮೂರನೆಯದು ಚೀನಾದಿಂದ ತಂದ ಕಾಂಜಿ. ಒಂದೊಂದು ಅಕ್ಷರಕ್ಕೂ ಅದರದೇ ಅರ್ಥ, ಸಾವಿರಾರು ಅಕ್ಷರ! ಕಾಂಜಿಗೆ ದೂರದಿಂದಲೇ ಕೈಮುಗಿದೆ. ಉಳಿದೆರಡನ್ನು ಕಲಿತು ಮೆರೆಯತೊಡಗಿದೆ.

ಅಷ್ಟರಲ್ಲಿ ಎದುರುಮನೆ ನೀಲವ್ವನ ಮಗಳ ಕುಬಸ ಬಂತು. ಸೀಮಂತವೆಂದರೆ ಓಣಿಯ ಎಲ್ಲ ಮನೆಗಳ ಪಾತ್ರೆಗಳೂ ಹೋಗಬೇಕು. ಸಾಲದಿದ್ದರೆ ಬಾಡಿಗೆಗೂ ತರುತ್ತಾರೆ. ಊಟ ಮುಗಿದ ಮೇಲೆ ಹೆಸರು ನೋಡಿ ಹಂಚುತ್ತಾರೆ. ನನ್ನ ಹೆಂಡತಿ ಸುಮಿತ್ರಾ ತಾಂಬಾ ಊರಿನ ತವರಿನಿಂದ ತಂದ ದೊಡ್ಡ ಡಬರಿಯನ್ನು ನನ್ನ ಮುಂದಿಟ್ಟಳು.

“ನಮ್ಮವ್ವ ಕೊಟ್ಟಿದ್ದೈತಿ. ಇದು ಬದಲಾದ್ರ ನಾ ಸುಮ್ನಿರಂಗಿಲ್ಲ. ಹೆಸರು ಹಾಕಿಸ್ಕೊಂಡ್ ಬರ್ರಿ.”

ನಮ್ಮ ಓಣಿಯಲ್ಲಿ ಸುಮಿತ್ರಾಗಳಿಗೆ ಬರವಿಲ್ಲ. ಕನ್ನಡದಲ್ಲಿ ಬರೆಸಿದರೆ ಯಾವ ಸುಮಿತ್ರಾಳಾದರೂ ಹೊತ್ತೊಯ್ಯಬಹುದು. ಕಟಕಾನಾದಲ್ಲಿ ಬರೆಸಿದರೆ? ಇಡೀ ತಾಲೂಕಿನಲ್ಲಿ ತಕರಾರಿಲ್ಲ! ಪಾತ್ರೆಗೆ ಹೆಸರು ಕೆತ್ತುವ ಭಾಂಡೆ ಅಂಗಡಿಯವನಿಗೆ ಚೀಟಿಯಲ್ಲಿ ಬರೆದುಕೊಟ್ಟೆ.

“ಮಾಸ್ತರ್ರ, ಇದು ಹೆಸರೋ, ಡಿಜೈನೋ?”

“ನೀ ಕೆತ್ತಪಾ,” ಎಂದೆ ಗಂಭೀರವಾಗಿ.

ಕುಬಸ ಸಾಂಗವಾಗಿ ನಡೆಯಿತು. ಸಂಜೆ ಎಲ್ಲ ಸುಮಿತ್ರಾಗಳ ಪಾತ್ರೆಗಳೂ ಅವರವರ ಮನೆ ಸೇರಿದವು. ನಮ್ಮ ಡಬರಿ ಮಾತ್ರ ಇಲ್ಲ!

“ಬಾಡಿಗಿ ಭಾಂಡೆ ಮ್ಯಾಲೆ ಗುರ್ತಿಗೆ ಗೀಟ್ ಇರ್ತಾವಲ್ರಿ,” ಎಂದಳು ನೀಲವ್ವ. “ಗೀಟ್ ಇದ್ದದ್ದೆಲ್ಲಾ ಬಾಗೇವಾಡಿಯವರ ಟೆಂಪೋಕ್ಕ ಏರಿಸಿಬಿಟ್ವಿ. ನಿಮ್ಮದಕ್ಕ ಹೆಸರಿತ್ತೇನ್ರಿ?”

“ಇತ್ತು,” ಎಂದೆ. ಸುಮಿತ್ರಾ ಅಳಲಿಲ್ಲ, ಬೈಯಲಿಲ್ಲ. ಚಹಾ ಕೊಡಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಮರುದಿನ ಬೆಳಿಗ್ಗೆಯೇ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸವನ ಬಾಗೇವಾಡಿಗೆ ಹೊರಟೆ. ಬಾಡಿಗೆಯವರ ಗೋದಾಮಿನಲ್ಲಿ ಡಬರಿಗಳ ಗುಡ್ಡವೇ ಇತ್ತು. ಹುಡುಕಿ ಹುಡುಕಿ ನಮ್ಮದನ್ನು ಹಿಡಿದೆ.

“ಇದ ನೋಡ್ರಿ! ಸು-ಮಿ-ತೊ-ರಾ!” ಎಂದು ಬೆರಳಿಟ್ಟು ಓದಿದೆ. ಜಪಾನಿಯರಿಗೆ ‘ತ್ರಾ’ ಇಲ್ಲ, ಒತ್ತಕ್ಷರ ಬಿಡಿಸಿಯೇ ಬರೆಯಬೇಕು ಎಂದು ಪಾಠವನ್ನೂ ಮಾಡಿದೆ.

ಮಾಲೀಕ ಶಾಂತವಾಗಿ ಕೇಳಿಸಿಕೊಂಡ. “ಅಲ್ರೀ ಸರ, ಬರದವ್ರೂ ನೀವ, ಓದವ್ರೂ ನೀವ. ಖರೆ ಐತೋ ಇಲ್ಲೋ ನಾ ಯಾರನ್ನ ಕೇಳ್ಲಿ?”

ಜಪಾನಿನಿಂದ ಸಾಕ್ಷಿ ಕರೆತರಲು ಆ ಹೊತ್ತಿನಲ್ಲಿ ಅನುಕೂಲವಿರಲಿಲ್ಲ. ಸುಮಿತ್ರಾ ನನ್ನನ್ನು ಪಕ್ಕಕ್ಕೆ ಸರಿಸಿದಳು.

“ಬೋರಲ ಹಾಕೂದಕಿಂತ ಮೊದ್ಲ ಹೇಳ್ತೇನಿ, ಅಣ್ಣಾರ. ತಳದಾಗ ಒಂದು ತಗ್ಗೈತಿ. ನನ್ನ ಮದಿವ್ಯಾಗ ನಮ್ಮಣ್ಣ ಕೆಡವಿದಾಗ ಬಿದ್ದದ್ದು. ನೋಡ್ರಿ ಈಗ.”

ಬೋರಲು ಹಾಕಿದರು. ತಗ್ಗಿತ್ತು! ಮಾಲೀಕ ಡಬರಿ ಎತ್ತಿಕೊಟ್ಟ.

ಬರುವಾಗ ಬೈಕಿನ ಮೇಲೆ ನಮ್ಮಿಬ್ಬರ ನಡುವೆ ಡಬರಿ ಕುಳಿತಿತ್ತು. ಅರ್ಧ ದಾರಿಗೆ ಅದರ ಹಿಂದಿನಿಂದ ನಗು ಕೇಳಿಸಿತು. “ನಮ್ಮಣ್ಣ ಹಾಕಿದ ಅಕ್ಷರಾನ ಗಟ್ಟಿ ಆತು ನೋಡ್ರಿ!” ನನಗೆ ಹೋದ ಜೀವ ಬಂತು.

ಈಗ ನಮ್ಮ ಡಬರಿ ಎಲ್ಲಿ ಹೋದರೂ ತಪ್ಪದೆ ಮನೆಗೆ ಬರುತ್ತದೆ. ಸುಮಿತ್ರಾಗಳ ಗೊಂದಲವೂ ಬಗೆಹರಿದಿದೆ. ಮೊನ್ನೆ ತನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ನೀಲವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಚೀನಾ ಸುಮಿತ್ರಾ, ನಿನ್ನ ಡಬರಿ ಕಳಿಸವಾ!”

ಅದು ಚೀನಾ ಅಲ್ಲ, ಜಪಾನು, ಅದರಲ್ಲೂ ಕಟಕಾನಾ ಎಂದು ತಿದ್ದಲು ಬಾಯಿ ತೆರೆದೆ. ಸುಮಿತ್ರಾ ನನ್ನತ್ತ ಒಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು ಡಬರಿ ಹೊತ್ತು ಹೊರಟೆ.