ಮದುವೆ ದಿನದ ರೇಟು

ವಿಜಯನಗರದಲ್ಲಿ ಹೊರದೇಶದ ನೋಟು ಬದಲಾಯಿಸುವ ಕೌಂಟರಿನಲ್ಲಿ ನಾನು ಕೂತು ಬಹಳ ವರ್ಷವಾಯಿತು. ಡಾಲರ್ ತಂದವರು ಸುಮ್ಮನೆ ಬರುತ್ತಾರೆ, ಸುಮ್ಮನೆ ಹೋಗುತ್ತಾರೆ. ಪುಟ್ಟ ದೇಶದ ನೋಟು ತಂದವರು ಮಾತ್ರ ನಾನು ಮನೆಗೆ ಹೋಗಿ ಹೇಳೋದಕ್ಕೆ ಏನಾದರೊಂದು ಬಿಟ್ಟೇ ಹೋಗೋದು. ಇವಿಷ್ಟನ್ನು ಬಿಟ್ಟುಹೋದವರು ಇಬ್ಬರು ಷಡ್ಡಕರು, ಅಂದರೆ ಅಕ್ಕತಂಗಿಯರ ಗಂಡಂದಿರು.

೧. ಏರಲ್ಲ, ಇಳಿಯಲ್ಲ

ಹಿರಿಯ ಷಡ್ಡಕರು ಮೂಡಲಪಾಳ್ಯದವರು. ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಹೆಂಡತಿ ಜೊತೆ ನೇಪಾಳದ ಯಾತ್ರೆ ಮುಗಿಸಿ, ಉಳಿದ ನೋಟು ತಂದಿದ್ದರು. ನಮ್ಮ ನೂರಕ್ಕೆ ಅವರದು ನೂರರವತ್ತು ಎಂದೆ. ಸೈಟಿನ ಹಾಗೆ ಸ್ವಲ್ಪ ದಿನ ಇಟ್ಟುಕೊಂಡರೆ ಹೇಗೆ ಎಂದು ಯೋಚನೆಗೆ ಬಿದ್ದರು.

"ಏರುತ್ತಾ?"

"ಇಲ್ಲ ಸಾರ್. ನಾನು ಕಾಲೇಜು ಸೇರೋಕೆ ಮುಂಚೆಯಿಂದಲೂ ಇಷ್ಟೇ."

"ಹಾಗಾದ್ರೆ ಇಳಿಯುತ್ತಾ?"

"ಇಳಿಯೋದೂ ಇಲ್ಲ."

ನೋಟನ್ನು ವಾಪಸ್ ಜೇಬಿಗೆ ಹಾಕಿ, ರೇಟಿನ ಬೋರ್ಡು, ಕಂಪ್ಯೂಟರು, ಆಮೇಲೆ ನನ್ನನ್ನು ನೋಡಿದರು.

"ಮತ್ತೆ ಬೆಳಗ್ಗಿಂದ ಸಂಜೆ ತನಕ ಅದರಲ್ಲಿ ಏನಮ್ಮಾ ನೋಡ್ತಾ ಇರ್ತೀರ?"

೨. ಸೀಲ್ ಹಾಕಿದ ಲೆಟರ್

ಕಿರಿಯರು ನಂದಿನಿ ಲೇಔಟಿನವರು, ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇವರು ಹೋಗಿದ್ದು ಲಂಕೆಗೆ. ಉಳಿದ ಲಂಕೆ ನೋಟಿನಲ್ಲಿ ಒಂದಷ್ಟನ್ನು ಹಿರಿಯರ ಮಗಳ ಮದುವೆಯಲ್ಲಿ ಮುಯ್ಯಿ ಕವರಿಗೆ ಹಾಕಿ ಮೆರೆದಿದ್ದರು. ಮಿಕ್ಕಿದ್ದನ್ನು, ಹೆಂಡತಿ ಮಾರಿಬಿಡಿ ಅಂದರೂ ಕೇಳದೆ, ಬೆಲೆ ಏರಲಿ ಅಂತ ಬೀರುವಿನಲ್ಲಿಟ್ಟರು. ಮದುವೆ ಮುಗಿಯಿತು, ಲಂಕೆಯ ದುಡ್ಡು ದಬಕ್ಕನೆ ಬಿತ್ತು.

ಈಗೆಷ್ಟು ಬರುತ್ತದೆ ಎಂದು ಹೇಳಿದೆ. ಇದು ಇವತ್ತಿನ ಬೋರ್ಡು, ಮದುವೆ ದಿನದ್ದು ಒಳಗಡೆ ಎಲ್ಲಾದರೂ ಇರಬೇಕು, ಒಂಚೂರು ಹುಡುಕಿ ಎಂದರು. ಇದ್ದರೂ ಪ್ರಯೋಜನವಿಲ್ಲ ಎಂದು ತಿಳಿಸಿ ಹೇಳಿದೆ. ಒಪ್ಪಿಕೊಂಡು ದುಡ್ಡು ತೆಗೆದುಕೊಂಡವರು, ಹೋಗದೆ ಅಲ್ಲೇ ನಿಂತರು.

"ಮೇಡಂ, ಬಿದ್ದಿದ್ದು ಆ ದೇಶದ ತಪ್ಪು, ಗಂಡನ ತಪ್ಪಲ್ಲ ಅಂತ ಒಂದು ಲೆಟರ್ ಕೊಡಿ. ಸೀಲ್ ಹಾಕಿ."

೩. ಫಾರಿನ್ ಮುಯ್ಯಿ

ಆ ಕಿರಿಯರೇ ನಂದಿನಿ ಲೇಔಟಿನಲ್ಲಿ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ನನಗೂ ಕರೆ ಬಂತು. ಅದಕ್ಕೆ ಎರಡು ದಿನ ಮುಂಚೆ ಹಿರಿಯರು ಹೆಂಡತಿಯೊಡನೆ ಕೌಂಟರಿಗೆ ಬಂದರು. ಮದುವೆಯಲ್ಲಿ ಬಂದ ಲಂಕೆಯ ಮುಯ್ಯಿ ಹಾಗೇ ಇತ್ತು. ಅದನ್ನು ಮಾರಬೇಕು. ಮುಯ್ಯಿ ಬಂದ ಮೇಲೆ ಅಷ್ಟೇ ಬೆಲೆಯದು, ಸಾಧ್ಯವಾದರೆ ಒಂಚೂರು ಜಾಸ್ತಿ, ತಿರುಗಿ ಕೊಡಬೇಕು. ಅದಕ್ಕೆ ಮನೆಯಲ್ಲಿರುವ ನೇಪಾಳಿ ನೋಟು ಸಾಲುತ್ತದಾ ಅನ್ನೋದೂ ಗೊತ್ತಾಗಬೇಕು.

ಮೊದಲನೆಯದು ಆಗಲಿಲ್ಲ. ಕಿರಿಯರ ಹೆಂಡತಿ, ಅಂದರೆ ಇವರ ತಂಗಿ, ಕವರಿಗೆ ಹಾಕುವ ಮುಂಚೆ ಪ್ರತಿ ನೋಟಿನ ಮೂಲೆಗೂ ಅರಿಶಿನ ಕುಂಕುಮ ಇಟ್ಟಿದ್ದಳು. ಬಣ್ಣ ಹತ್ತಿದ ನೋಟು ನಾವು ಮುಟ್ಟೋ ಹಾಗಿಲ್ಲ. ಬೇರೆಯವರೂ ತಗೊಳ್ಳಲ್ಲ ಎಂದೆ.

ಎರಡನೆಯದಕ್ಕೆ ನೇಪಾಳದ್ದನ್ನೂ ಲಂಕೆಯದನ್ನೂ ನಮ್ಮ ರೂಪಾಯಿಗೆ ತಂದು ಲೆಕ್ಕ ಹಾಕಿದೆ. ಮದುವೆ ದಿನ ಒಂದು ನೇಪಾಳಿ ರೂಪಾಯಿಗೆ ಲಂಕೆಯದು ಒಂದೂವರೆ ಚಿಲ್ಲರೆ. ಈಗ ಎರಡು ದಾಟಿದೆ. ಇವತ್ತಿನ ಪ್ರಕಾರ ಅವರ ನೇಪಾಳಿ ನೋಟು ಮಿಗುತ್ತದೆ, ಮದುವೆ ದಿನದ ಪ್ರಕಾರ ಸಾಲದು.

ಕೊಡೋದು ಈಗ, ಹಾಗಾಗಿ ಈಗಿನ ರೇಟು ಎಂದರು ಗಂಡ. ಹೆಂಡತಿ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ತಂಗಿ ಕೊಟ್ಟಾಗ ಅದಕ್ಕೆ ಬೆಲೆ ಇತ್ತು. ಮದುವೆ ದಿನದ ರೇಟೇ ಆಗ್ಬೇಕು. ಒಂದು ಕಾಸು ಕಮ್ಮಿ ಆದ್ರೂ ನಾನು ಅವಳ ಹೊಸ ಮನೆ ಹೊಸಲು ತುಳಿಯಲ್ಲ."

ಕಮ್ಮಿ ಬೀಳೋದನ್ನ ನಮ್ಮ ರೂಪಾಯಲ್ಲೇ ಸೇರಿಸಿಬಿಡಿ ಎಂದೆ. ಆಗ ಮಾತ್ರ ಗಂಡ ಹೆಂಡತಿ ಒಂದಾದರು.

"ಅವರು ಫಾರಿನ್ ಹಾಕಿದಾರೆ. ನಾವು ಲೋಕಲ್ ಹಾಕಕ್ಕಾಗುತ್ತೇನಮ್ಮಾ?"

೪. ಗೃಹಪ್ರವೇಶ

ಹೋದೆ. ಅಕ್ಕ ಬಂದಿದ್ದರು, ನಗುನಗುತ್ತಾ ಓಡಾಡುತ್ತಿದ್ದರು. ನೇಪಾಳಿ ನೋಟು ಎಲ್ಲಿಂದ ಹೊಂದಿಸಿದಿರಿ ಎಂದು ಹಿರಿಯರನ್ನು ಮೆಲ್ಲಗೆ ಕೇಳಿದೆ. ಮದುವೆ ದಿನದ ರೇಟಿಗೇ ಕೊಟ್ಟಿದೀನಿ, ಒಂದು ಪೈಸೆ ಆಚೆ ಈಚೆ ಇಲ್ಲ ಎಂದು ಊಟದ ಸಾಲಿನ ಕಡೆ ನಡೆದರು.

ಕವರನ್ನು ಎಲ್ಲರೆದುರು ಯಾರೂ ಬಿಚ್ಚುವುದಿಲ್ಲ. ಆದರೆ ಕಿರಿಯರಿಗೆ ಯಾವ ದೇಶದ್ದು ಅಂತ ನೋಡದೆ ತಡೆಯಲಾಗಲಿಲ್ಲ. ನಾವು ಊಟಕ್ಕೆ ಕೂತಿದ್ದಾಗಲೇ ಬಿಚ್ಚಿ ಹೆಂಡತಿಯ ಕೈಗಿಟ್ಟರು. ಲಂಕೆಯ ನೋಟುಗಳು, ಮೇಲೊಂದು ನಮ್ಮ ಒಂದು ರೂಪಾಯಿ. ಹಿರಿಯರು ಬಂದ ಮುಯ್ಯಿಯನ್ನೇ ವಾಪಸ್ ಹಾಕಿದ್ದರು.

ಅಕ್ಕನ ಮುಖ ಬಿಳಿಚಿಕೊಂಡಿತು. ತಂಗಿ ನೋಟಿನ ಮೂಲೆಯನ್ನು ಬೆರಳಿನಿಂದ ಸವರಿದಳು.

"ಅಕ್ಕಾ, ಇದು ನಾನೇ ಇಟ್ಟ ಕುಂಕುಮ."

ನೋಟು ಹಿಡಿದುಕೊಂಡೇ ಅಕ್ಕನ ಹತ್ತಿರ ಬಂದಳು.

"ಇಷ್ಟು ವರ್ಷ ಖರ್ಚು ಮಾಡದೆ ಇಟ್ಕೊಂಡಿದ್ಯೇನೇ?"

ಅಕ್ಕ ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಸೆರಗನ್ನು ಕಣ್ಣಿಗೊತ್ತಿಕೊಂಡು, "ನೀನು ಕೊಟ್ಟಿದ್ದು ಕಣೇ. ಖರ್ಚು ಮಾಡಕ್ಕೆ ಮನಸ್ಸು ಬರ್ಬೇಕಲ್ಲ" ಎಂದರು. ಇಬ್ಬರೂ ತಬ್ಬಿಕೊಂಡು ಅತ್ತರು. ನಾನು ಎಲೆಯ ಮೇಲಿನ ಹೋಳಿಗೆಯನ್ನು ಬಹಳ ಗಮನವಿಟ್ಟು ನೋಡಿದೆ.

ಕೈ ತೊಳೆಯುವಾಗ ಕಿರಿಯರು ಪಕ್ಕಕ್ಕೆ ಬಂದರು.

"ಮೇಡಂ, ಆ ನೋಟು ಈಗ ನಿಮ್ಮಲ್ಲಿಗೆ ತಂದ್ರೆ ಎಷ್ಟು ಬರುತ್ತೆ?"

"ಏನೂ ಬರಲ್ಲ ಸಾರ್. ಕುಂಕುಮ ಹತ್ತಿದೆ, ಯಾರೂ ತಗೊಳ್ಳಲ್ಲ."

ಅವರು ನೆಮ್ಮದಿಯಿಂದ ಉಸಿರು ಬಿಟ್ಟರು.

"ಅಂದ್ರೆ ಇನ್ನು ಇಳಿಯಲ್ಲ ತಾನೆ?"