ಉಡದ ಹಚ್ಚೆಯೂ ಮೊದಲ ಎಲೆಯೂ

ಅಸೂಯೆಯೆಂಬುದು ಮನುಷ್ಯನನ್ನು ಒಳಗಿನಿಂದ ಸುಡುವ ಬೆಂಕಿ, ವಿವೇಕಿಯಾದವನು ಅದನ್ನು ಹತ್ತಿರ ಸೇರಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಿಗೆ ಷಡ್ಡಕರಿದ್ದರೋ ಇಲ್ಲವೋ ತಿಳಿಯದು. ನನಗೊಬ್ಬನಿದ್ದಾನೆ. ಮಿರ್ಲೆಯವನು, ನನ್ನ ಹೆಂಡತಿಯ ತಂಗಿಯ ಗಂಡ, ಹೆಸರು ಸಿದ್ದೇಗೌಡ. ಮನುಷ್ಯ ಒಳ್ಳೆಯವನು, ಅವನ ವಿಷಯದಲ್ಲಿ ನನಗೆ ಸಹಿಸಲಾಗದ ಸಂಗತಿಯೂ ಅದೇ.

ಪಿರಿಯಾಪಟ್ಟಣದ ಅತ್ತೆಯ ಮನೆಯಲ್ಲಿ ಹಬ್ಬದ ಊಟಕ್ಕೆ ಮೊದಲ ಎಲೆ ಹಿರಿಯಳಿಯನದು. ಹಿರಿಯಳಿಯ ನಾನು, ಹುಣಸೂರಿನ ಮರದ ಡಿಪೋದಲ್ಲಿ ಗುಮಾಸ್ತ, ಕೋಟು ತೊಟ್ಟು ಪೇಟ ಸುತ್ತುವವನು. ಮೊದಲ ಎಲೆಯೆಂದರೆ ಬರಿಯ ಎಲೆಯಲ್ಲ. ಒಬ್ಬಟ್ಟು ಬಿಸಿಯಾಗಿರುವುದು ಅಲ್ಲಿ. ತುಪ್ಪದ ಮಿಳ್ಳೆ ತುಂಬಿರುವುದೂ ಅಲ್ಲಿಯೇ. ಹೀಗಿರುವಾಗ ಒಂದು ಗೌರಿಹಬ್ಬಕ್ಕೆ ಸಿದ್ದೇಗೌಡ ಮುಂಗೈಯ ಮೇಲೆ ಹೆಡೆ ಬಿಚ್ಚಿದ ನಾಗರಹಾವಿನ ಹಚ್ಚೆ ಹುಯ್ಯಿಸಿಕೊಂಡು ಬಂದ. ಅತ್ತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ನಾಗಪ್ಪನೇ ಮನೆಗೆ ಬಂದಹಾಗಾಯಿತೆಂದರು. ದೇವರನ್ನು ಎರಡನೆಯ ಎಲೆಗೆ ಕೂರಿಸುವುದುಂಟೆ? ಆ ಹಬ್ಬದಲ್ಲಿ ಮೊದಲ ಎಲೆ ಹಾವಿಗೆ ಹೋಯಿತು. ಹಾವಿನ ಜೊತೆಗೆ ಸಿದ್ದೇಗೌಡನೂ ಹೋಗಿ ಕುಳಿತ.

ನಾನೂ ಹಚ್ಚೆ ಹುಯ್ಯಿಸಿಕೊಳ್ಳುವುದೆಂದು ನಿಶ್ಚಯಿಸಿದೆ. ನಾಗರವೆಂದರೆ ಅವನನ್ನು ನೋಡಿ ಕಲಿತನೆನ್ನುತ್ತಾರೆ. ಆದ್ದರಿಂದ ಹರಿದಾಡುವ ಕುಲವನ್ನೆಲ್ಲ ಒಂದೊಂದಾಗಿ ವಿಚಾರಣೆಗೆ ಕರೆದೆ. ಹಲ್ಲಿ ಲೊಚಗುಟ್ಟಿ ನಿಜ ನುಡಿಯುತ್ತದೆ, ಸರಿ. ಆದರೆ ಗೋಡೆಗೋಡೆಯಲ್ಲೂ ಬಿಟ್ಟಿ ಸಿಗುವುದನ್ನು ಕೈಮೇಲೆ ಹೊತ್ತು ತಿರುಗುವುದೇಕೆ? ಓತಿಕ್ಯಾತ ಕಂಡವರಿಗೆಲ್ಲ ತಲೆಯಾಡಿಸುತ್ತದೆ. ಆ ಕೆಲಸವನ್ನು ಡಿಪೋದಲ್ಲಿ ನಾನೇ ದಿನವೆಲ್ಲ ಮಾಡುತ್ತೇನೆ. ಆಮೆ ದೀರ್ಘಾಯುಷ್ಯದ ಗುರುತು, ಆದರೆ ಊಟಕ್ಕೆ ತಡವಾಗಿ ತಲಪುವ ಪ್ರಾಣಿ. ಉಳಿದದ್ದು ಉಡ. ಉಗುರೂರಿ ಹಿಡಿದರೆ ಕೋಟೆಯ ಗೋಡೆಯನ್ನೂ ಬಿಡದೆಂದು ಪ್ರತೀತಿ. ತನ್ನ ಸ್ಥಾನವನ್ನು ಬಿಟ್ಟುಕೊಡದ ಮನುಷ್ಯನಿಗೆ ಇದಕ್ಕಿಂತ ಯೋಗ್ಯವಾದ ಲಾಂಛನವಿಲ್ಲವೆಂದು ಹೆಂಡತಿಗೆ ವಿವರಿಸಿದೆ. ಅವಳು ರಾಗಿ ಕೇರುತ್ತ ಎಲ್ಲವನ್ನೂ ಕೇಳಿದಳು.

"ಹುಯ್ಯಿಸ್ಕಳಿ. ಅಳಬ್ಯಾಡಿ ಅಷ್ಟೇಯ" ಎಂದಳು.

ದೀಪಾವಳಿಗೆ ಮುಂಚೆ ಹಚ್ಚೆ ಹುಯ್ಯುವ ಚಿಕ್ಕತಾಯವ್ವ ನಮ್ಮ ಬೀದಿಗೆ ಬಂದಳು. ಸೊಪ್ಪಿನ ರಸದಲ್ಲಿ ಕಾಡಿಗೆ ಕಲಸಿ, ಸೂಜಿ ಹಿಡಿದು ಕುಳಿತಳು. ಅವಳದೊಂದು ಪದ್ಧತಿ: ಯಾವ ಪ್ರಾಣಿಗಾದರೂ ಕಾಲಿಡುವುದು ಕೊನೆಗೆ. ಮೊದಲೇ ಇಟ್ಟರೆ ಹುಯ್ದು ಮುಗಿಸುವಷ್ಟರಲ್ಲಿ ಓಡಿಹೋಗುತ್ತದಂತೆ. ಓಡಿಹೋಗುವವರು ಬೇರೆಯೂ ಇರಬಹುದೆಂದು ಅವಳಿಗೆ ತೋಚಲಿಲ್ಲ. ನೋವು ಮರೆಯಲಿ ಎಂದು ಪದ ಹೇಳಿದಳು. ಪದ ಚೆನ್ನಾಗಿತ್ತು, ನೋವೂ ಚೆನ್ನಾಗಿತ್ತು. ತಲೆ, ಬೆನ್ನು, ಬಾಲ ಮುಗಿಯುವ ಹೊತ್ತಿಗೆ ನಾನು ಕೈಯೆಳೆದುಕೊಂಡು ಎದ್ದಿದ್ದೆ.

"ಕಾಲು ಬ್ಯಾಡ್ವಾ ಸ್ವಾಮಿ? ಕಾಲಿಲ್ದೆ ಉಡ ಎಂಗಾದದು?"

ನಾಳೆ ನೋಡೋಣವೆಂದು ಒಳಗೆ ನಡೆದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, ತಾನು ಹುಡುಗಿಯಾಗಿದ್ದಾಗ ಎರಡು ಕೈಗೂ ಒಂದೇ ದಿನ ಹುಯ್ಯಿಸಿಕೊಂಡದ್ದನ್ನು ಯಾರನ್ನೂ ಉದ್ದೇಶಿಸದೆ ಜ್ಞಾಪಿಸಿಕೊಂಡಳು. ಮರುದಿನ ಚಿಕ್ಕತಾಯವ್ವ ಬರುವ ಮೊದಲೇ ನಾನು ಡಿಪೋ ಸೇರಿದ್ದೆ.

ದೀಪಾವಳಿಗೆ ಪಿರಿಯಾಪಟ್ಟಣದಲ್ಲಿ ಗಾಡಿಯಿಂದಿಳಿಯುತ್ತಲೇ ಕೋಟಿನ ತೋಳು ಮೇಲೇರಿಸಿದೆ. ಅತ್ತೆ ನನ್ನ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೆಡೆಯಿಲ್ಲ, ಕಾಲಿಲ್ಲ. ಕೇರೆಹಾವೆಂದು ತೀರ್ಮಾನಿಸಿದರು.

"ಒಳ್ಳೇ ಹಾವೇ ಬುಡಿ" ಎಂದು ಸಮಾಧಾನ ಮಾಡಿದರು. "ಯಾರ್ನೂ ಕಚ್ಚಾಕಿಲ್ಲ. ಇಲಿ ಇಡೀತದೆ."

ಉಡವೆಂದು ಹೇಳಬಹುದಿತ್ತು. ಹೇಳಿದರೆ ಕಾಲೆಲ್ಲಿ ಎಂದು ಕೇಳುತ್ತಾರೆ. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಹೌದೆಂದು ತಲೆಯಾಡಿಸಿದೆ.

ಎಲೆ ಹಾಕಿದರು. ಸಿದ್ದೇಗೌಡ ನನ್ನ ಕೈಯ ಕಡೆ ನೋಡಿದ, ನನ್ನ ಮುಖ ನೋಡಿದ, ಮೊದಲ ಎಲೆಯ ಮುಂದಿನಿಂದ ಸರಿದು ನಿಂತ.

"ಭಾವ, ನೀವು ದೊಡ್ಡೋರು. ಇಲ್ಲಿ ಕೂತ್ಕಳಿ" ಎಂದ.

ಅದರಲ್ಲಿ ಕುಹಕವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಒಂದಿಷ್ಟಾದರೂ ಇದ್ದಿದ್ದರೆ ಕುಳಿತುಬಿಡುತ್ತಿದ್ದೆ. ಇನ್ನೊಬ್ಬರು ದಯೆಯಿಂದ ಬಿಟ್ಟುಕೊಟ್ಟ ಎಲೆ ನನಗೆ ಬೇಡವೆಂದು, ಪೇಟ ಸರಿಪಡಿಸಿಕೊಳ್ಳುತ್ತ, ಗಂಭೀರವಾಗಿ ಹೇಳಿದೆ. ಅವನು ಇನ್ನೊಂದು ಸಲ ಕರೆಯುತ್ತಾನೆಂದು ನನ್ನ ಅಂದಾಜು.

ಕರೆಯಲಿಲ್ಲ. ಸಿದ್ದೇಗೌಡ ಮೊದಲ ಎಲೆಗೆ ಕುಳಿತ. ನಾನು ಎರಡನೆಯದಕ್ಕೆ ಕುಳಿತೆ.